ಸಲಿಂಗಿ ಅಂತ ಹೇಳಿಕೊಂಡು ಫೌಜಿನಲ್ಲಿ ಇರಬಹುದಾ? ಅಣ್ಣನ ಮಗ ಕೇಳ್ಯಾನ, ಗೊತ್ತಿದ್ದವರು ಹೇಳ್ರಿ

ಫೌಜಿ_ಕಾಕಾ_ಬೆಳಗಾವಿ

ಎಲ್ಲಾರಿಗೂ ನಮಸ್ಕಾರ್ರಿ. ನಾ ರಿಟೈರ್ಡ್ ಹವಾಲ್ದಾರ. 24 ವರ್ಷ ಸರ್ವಿಸ್ ಮಾಡಿ ಊರಿಗೆ ಬಂದು ಹೊಲಾ ಮನಿ ನೋಡ್ಕೋಂತ ಅದೀನಿ. ನಮ್ಮ ಅಣ್ಣನ ಮಗ ಅಗ್ನಿವೀರ ಭರ್ತಿಗೆ ತಯಾರಿ ನಡೆಸ್ಯಾನ. ದಿನಾ ನಸುಕಿನ್ಯಾಗ ಐದಕ್ಕ ಎದ್ದು ಸಾಲಿ ಗ್ರೌಂಡಿನ್ಯಾಗ ಓಡ್ತಾನ, ನಾ ಗಡಿಯಾರ ಹಿಡ್ಕೊಂಡು ನಿಂದರ್ತೀನಿ. 1600 ಮೀಟರ್ ಐದು ನಿಮಿಷ ಇಪ್ಪತ್ತು ಸೆಕೆಂಡಿಗೆ ತಂದಾನ. ಹುಡುಗ ಚಲೋ ಅದಾನ.

ಹೋದ ವಾರ ಓಟ ಮುಗಿಸಿ ಕುಂತು, ಬೂಟಿನ ಲೇಸ್ ಬಿಚ್ಚಕೋಂತ, ಮಾರಿ ಮ್ಯಾಲೆ ಎತ್ತದನ ಕೇಳಿದಾ: "ಕಾಕಾ, ಹುಡುಗೀರ ಮ್ಯಾಲೆ ಮನಸ್ಸಿಲ್ಲ ಅಂದ್ರ ಅದನ್ನೂ ಫಾರ್ಮಿನ್ಯಾಗ ಬರೀಬೇಕೇನು?"

ನಂಗ ಒಮ್ಮೆಲೇ ತಿಳೀಲಿಲ್ಲ. ತಿಳದ ಮ್ಯಾಲೆ ಬಾಯಿಂದ ಮಾತ ಬರಲಿಲ್ಲ. "ಬೂಟಿಗೆ ಮಣ್ಣಾಗೇತಿ, ಒರಸು" ಅಂದು ಎದ್ದು ಬಂದ್ನಿ. ಅವತ್ತಿನಿಂದ ನಿದ್ದಿ ಸರಿ ಇಲ್ಲ. ಅಂವ ನನ್ನ ಮ್ಯಾಲೆ ನಂಬಿಗಿ ಇಟ್ಟು ಕೇಳ್ಯಾನ, ಮನ್ಯಾಗ ಮತ್ತ ಯಾರಿಗೂ ಹೇಳಿಲ್ಲ. (ಯಾರು ಅಂತ ಗುರುತು ಸಿಗಬಾರದು ಅಂತ ಒಂದೆರಡು ವಿಷಯ ಬದಲ ಮಾಡೀನಿ.) 2018ರಾಗ ಸುಪ್ರೀಂ ಕೋರ್ಟು ಅಪರಾಧ ಅಲ್ಲ ಅಂತಲ್ರಿ. ಹಂಗಾರ ಫೌಜಿನ್ಯಾಗ ಏನು ಕಾಯ್ದೆ? ಹೇಳಿಕೊಂಡು ಇರಬಹುದಾ? ಇರಬೇಕಾ?

ಸುಬೇದಾರ್_ಹಾಸನ

ಹವಾಲ್ದಾರ್ರೇ, ರಾಮ್ ರಾಮ್. ನಾನು 28 ವರ್ಷ ಸರ್ವಿಸ್ ಮಾಡಿದವನು, ಇದ್ದದ್ದು ಇದ್ದಂಗೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ಮಟ್ಟಿಗೆ ಬೇಡ.

ಆ ಹುಡುಗ ಕೆಟ್ಟವನು ಅಂತ ನಾನು ಹೇಳ್ತಾ ಇಲ್ಲ. ಆದ್ರೆ ಬ್ಯಾರಕ್ ಅಂದ್ರೆ ಬೆಂಗಳೂರಿನ ಪಿ.ಜಿ. ಅಲ್ಲ. ನಲವತ್ತು ಐವತ್ತು ಜನ, ಮಂಚಕ್ಕೆ ಮಂಚ ತಾಗ್ಕೊಂಡು. ಸ್ನಾನ ಬಯಲಲ್ಲಿ. ಗಡಿ ಪೋಸ್ಟಲ್ಲಿ ಒಂದೇ ಬಂಕರ್, ಒಂದೇ ಕಂಬಳಿ. ಅಲ್ಲಿ ಒಬ್ಬ "ನಾನು ಹೀಗೆ" ಅಂತ ಹೇಳಿದ್ರೆ ಪಕ್ಕದವನು ಆ ರಾತ್ರಿ ಹೆಂಗೆ ಮಲಗ್ತಾನೆ? ನಮ್ಮ ಜವಾನರು ಬರೋದು ಹಳ್ಳಿಯಿಂದ. ಹಳ್ಳಿ ಒಪ್ಪದೇ ಇರೋದನ್ನ ಪಲ್ಟನ್ ಒಪ್ಪಲ್ಲ. ಜನರಲ್ ರಾವತ್ ಸಾಹೇಬ್ರು ಸೇನಾ ಮುಖ್ಯಸ್ಥರಾಗಿದ್ದಾಗ, ಜನವರಿ 2019ರ ಪತ್ರಿಕಾಗೋಷ್ಠಿಯಲ್ಲಿ ಇದನ್ನೇ ಹೇಳಿದ್ರು: ಸೇನೆ ಸಂಪ್ರದಾಯಸ್ಥ, ಇದಕ್ಕೆ ಒಳಗೆ ಜಾಗ ಕೊಡಲ್ಲ ಅಂತ.

ನನ್ನ ಸರ್ವಿಸಲ್ಲಿ ಅಂಥವರು ಒಬ್ಬರೂ ಇರಲಿಲ್ಲ.

ಕಪ್ಪು_ಕೋಟು

ನಾನು ವಕೀಲೆ, ಬೆಂಗಳೂರು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಕೆಲವು ಪ್ರಕರಣ ನಡೆಸಿದ್ದೇನೆ. ಕಾಕಾ ಅವರು ಕೇಳಿದ ಮೊದಲ ಪ್ರಶ್ನೆಗೆ, ಅಂದರೆ ಕಾಯ್ದೆ ಏನು ಅನ್ನೋದಕ್ಕೆ ಉತ್ತರ ಹೇಳಿಬಿಡುತ್ತೇನೆ.

"ಸಲಿಂಗಿಗಳು ಸೇನೆಗೆ ಸೇರಬಾರದು" ಅಂತ ಸೇನಾ ಕಾಯ್ದೆ 1950ರಲ್ಲಿ ಎಲ್ಲೂ ಒಂದು ಸಾಲು ಬರೆದಿಲ್ಲ. ಹಾಗಾದರೆ ಹಿಡಿಯುವುದು ಎಲ್ಲಿ? ಮೂರು ಕಡೆ. ಕಲಂ 69ರ ಪ್ರಕಾರ ದೇಶದ ಸಾಮಾನ್ಯ ಕಾನೂನಿನ ಅಪರಾಧಗಳನ್ನು ಕೋರ್ಟ್ ಮಾರ್ಷಲ್ ವಿಚಾರಣೆ ಮಾಡಬಹುದು, ಹಿಂದೆ ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ದಂಡ ಸಂಹಿತೆಯ ಕಲಂ 377 ಆ ದಾರಿಯಲ್ಲಿ ಬರುತ್ತಿತ್ತು. 2018ರ ಸೆಪ್ಟೆಂಬರ್ 6ರ ನವತೇಜ್ ಸಿಂಗ್ ಜೋಹರ್ ತೀರ್ಪಿನ ನಂತರ, ಒಪ್ಪಿಗೆಯಿಂದ ನಡೆದದ್ದಕ್ಕೆ ಆ ದಾರಿ ಮುಚ್ಚಿತು. ಆದರೆ ಕಲಂ 46 ಹಾಗೇ ಇದೆ. ಕ್ರೂರ, ಅಸಭ್ಯ ಅಥವಾ "ಅಸಹಜ" ರೀತಿಯ ನಾಚಿಕೆಗೇಡಿನ ನಡತೆಗೆ ಏಳು ವರ್ಷದವರೆಗೆ ಜೈಲು. ಅಧಿಕಾರಿಗಳು ಮತ್ತು ಜೆಸಿಒಗಳಿಗೆ (ಸುಬೇದಾರರಂಥ ಕಿರಿಯ ಅಧಿಕಾರಿಗಳಿಗೆ) ಕಲಂ 45 ಬೇರೆ, ಸ್ಥಾನಕ್ಕೆ ತಕ್ಕದ್ದಲ್ಲದ ನಡತೆ ಅಂತ. "ಅಸಹಜ" ಅಂದರೆ ಏನು ಅಂತ ಕಾಯ್ದೆ ಬಿಡಿಸಿ ಹೇಳುವುದಿಲ್ಲ. ಅದನ್ನು ನಿರ್ಧರಿಸುವುದು ಆ ಹೊತ್ತಿನಲ್ಲಿ ಕುರ್ಚಿಯಲ್ಲಿ ಕೂತವರು.

ಇದೆಲ್ಲದರ ಹಿಂದೆ ಸಂವಿಧಾನದ 33ನೇ ವಿಧಿ ಇದೆ. ಸಶಸ್ತ್ರ ಪಡೆಯವರ ಮೂಲಭೂತ ಹಕ್ಕುಗಳನ್ನು ಸಂಸತ್ತು ಮಿತಿಗೊಳಿಸಬಹುದು. ಹಾದರ ಅಪರಾಧವಲ್ಲ ಅಂತ 2018ರಲ್ಲೇ ತೀರ್ಪು ಬಂದರೂ, ಸೇನೆ ತನ್ನ ಕಾಯ್ದೆಯಡಿ ಕ್ರಮ ಕೈಗೊಳ್ಳಲು ಅದು ಅಡ್ಡಿಯಲ್ಲ ಅಂತ ಸುಪ್ರೀಂ ಕೋರ್ಟ್ ಜನವರಿ 2023ರಲ್ಲಿ ಸ್ಪಷ್ಟಪಡಿಸಿತು. ಸಲಿಂಗದ ವಿಷಯ ಬಂದರೂ ಸರ್ಕಾರ ಇದೇ ವಾದ ಹೂಡೀತು.

ಒಟ್ಟಿನಲ್ಲಿ ಕಾಕಾ, ಹುಡುಗ ಸೇರಬಹುದು. ಹೇಳಿಕೊಂಡರೆ ಅವನನ್ನು ಕಾಯುವ ಕಾನೂನು ಇಲ್ಲ.

ಶಿವಮೊಗ್ಗದ_ಚಿಕ್ಕಮ್ಮ

ಸುಬೇದಾರ್ ಸಾಹೇಬರೇ, ನನ್ನ ಅಕ್ಕನ ಮಗಳು ಸೇನೆಯಲ್ಲಿ ಕ್ಯಾಪ್ಟನ್. ನೀವು "ಜವಾನರು ಹಳ್ಳಿಯಿಂದ ಬರ್ತಾರೆ, ಒಪ್ಪಲ್ಲ" ಅಂದಿರಲ್ಲ, ಆ ಮಾತು ಓದಿದ ಕೂಡಲೇ ನನಗೆ 2020ರ ಫೆಬ್ರವರಿ ನೆನಪಾಯಿತು. ಮಹಿಳಾ ಅಧಿಕಾರಿಗಳಿಗೆ ಪರ್ಮನೆಂಟ್ ಕಮಿಷನ್ (ನಿವೃತ್ತಿವರೆಗೂ ಸೇವೆಯಲ್ಲಿ ಇರುವ ಅವಕಾಶ) ಕೊಡುವ ಬಬಿತಾ ಪುನಿಯಾ ಪ್ರಕರಣದಲ್ಲಿ ಸರ್ಕಾರ ಕೋರ್ಟಿಗೆ ಬರೆದುಕೊಟ್ಟಿದ್ದು ಹೆಚ್ಚುಕಮ್ಮಿ ಇದನ್ನೇ. ಸೈನಿಕರು ಬಹುತೇಕ ಗ್ರಾಮೀಣ ಹಿನ್ನೆಲೆಯವರು, ಹೆಂಗಸಿನ ಆಜ್ಞೆ ಪಾಲಿಸೋಕೆ ಅವರ ಮನಸ್ಸು ಇನ್ನೂ ಹದವಾಗಿಲ್ಲ ಅಂತ. ಕೋರ್ಟ್ ಒಪ್ಪಲಿಲ್ಲ. ನಮ್ಮ ಹುಡುಗಿ ಈಗ ನೂರಾರು ಜವಾನರ ಮುಂದೆ ನಿಂತು ಪರೇಡ್ ತಗೋತಾಳೆ. ಎಲ್ಲ ಹಳ್ಳಿಯ ಹುಡುಗರೇ. ಯಾರೂ ಆಜ್ಞೆ ಮೀರಿಲ್ಲ.

ಹಳ್ಳಿಯವರ ಹೆಸರು ಹೇಳಿ ದಿಲ್ಲಿಯವರು ತಮ್ಮ ಹಿಂಜರಿಕೆ ಮುಚ್ಚಿಕೊಳ್ಳೋದು ನನಗೆ ನಿಜವಾಗಿ ಸಿಟ್ಟು ತರಿಸುತ್ತೆ.

ಸುಬೇದಾರ್_ಹಾಸನ

ಅಮ್ಮಾ, ನಿಮ್ಮ ಮಗಳಿಗೆ ನನ್ನದೊಂದು ಸಲ್ಯೂಟ್. ಅವರು ಬೇರೆ ಕ್ವಾರ್ಟರ್ಸಲ್ಲಿ ಇರ್ತಾರೆ, ಬ್ಯಾರಕಲ್ಲಿ ಅಲ್ಲ. ಅದು ಒಂದು.

ಇನ್ನೊಂದು ಯಾರೂ ಮಾತಾಡದೇ ಇರೋ ವಿಷಯ ಇದೆ. ಟ್ರೇನಿಂಗ್ ಸೆಂಟರಿಗೆ ಹದಿನೆಂಟು ವರ್ಷದ ರಿಕ್ರೂಟ್ ಬರ್ತಾನೆ. ಮೀಸೆ ಸರಿಯಾಗಿ ಚಿಗುರಿರಲ್ಲ. ಉಸ್ತಾದ್, ಅಂದ್ರೆ ತರಬೇತಿ ಕೊಡೋನು, ಹೇಳಿದ್ದೇ ಅವನಿಗೆ ದೇವರ ಮಾತು. ಉಸ್ತಾದನೇ ರಾತ್ರಿ ಕರೆದ್ರೆ? ಇಂಥ ಒಂದು ಕೇಸಲ್ಲಿ ಆ ಮಗು ನನ್ನ ಮುಂದೆ ಕೂತು ನಡುಗಿದ್ದನ್ನ ಕಣ್ಣಾರೆ ನೋಡಿದ್ದೀನಿ. ಆ ಉಸ್ತಾದನಿಗೆ ಜೈಲಾಯ್ತು, ಕಲಂ 46ರಲ್ಲೇ ಆಯ್ತು. ವಕೀಲಮ್ಮ, ನಿಮ್ಮ ಮಾತು ಅದನ್ನ ತೆಗೀಬೇಕು ಅನ್ನೋ ಹಾಗಿದೆ. ತೆಗೆದ್ರೆ ಆ ರಿಕ್ರೂಟ್‌ಗೆ ಯಾರು ದಿಕ್ಕು?

ಕಪ್ಪು_ಕೋಟು

ಸಾಹೇಬರೇ, ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದ ಪ್ರಶ್ನೆ ನಿಮ್ಮದು. ಅದು ನೀವು ಅಂದುಕೊಂಡದ್ದಕ್ಕಿಂತ ಗಂಭೀರ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತಲ್ಲ, ಅದರಲ್ಲಿ 377 ಪೂರ್ತಿ ಹೋಯಿತು. ಒಪ್ಪಿಗೆಯಿಲ್ಲದೆ ಗಂಡಸಿನ ಮೇಲೆ ನಡೆಯುವ ಅತ್ಯಾಚಾರಕ್ಕೆ ಮೊದಲು ಅದೊಂದೇ ಕಲಂ ಇತ್ತು. ಹೊಸ ಸಂಹಿತೆಯಲ್ಲಿ ಅತ್ಯಾಚಾರ ಅಂದರೆ ಗಂಡಸು ಹೆಂಗಸಿನ ಮೇಲೆ ಮಾಡುವುದು ಮಾತ್ರ. ಹೊರಗಿನ ಗಂಡಸಿಗೆ ಇಲ್ಲದ ರಕ್ಷಣೆ ಇವತ್ತು ಆ ರಿಕ್ರೂಟ್‌ಗೆ ಕಲಂ 46ರಿಂದ ಸಿಗುತ್ತಿದೆ, ನಿಜ. ಹಾಗಾಗಿ ಸುಮ್ಮನೆ ಕಿತ್ತುಹಾಕಿ ಅಂತ ನಾನು ಹೇಳುವುದಿಲ್ಲ.

ಆದರೆ ಅದೇ ಕಲಂನೊಳಗೆ ಇಬ್ಬರನ್ನು ಒಂದೇ ಹಗ್ಗದಲ್ಲಿ ಕಟ್ಟಿದ್ದಾರೆ ನೋಡಿ. ರಿಕ್ರೂಟ್ ಮೇಲೆ ಕೈಮಾಡಿದ ಉಸ್ತಾದನೂ "ಅಸಹಜ". ರಜೆಯಲ್ಲಿ ತನ್ನ ಊರಲ್ಲಿ, ತನ್ನ ವಯಸ್ಸಿನವನ ಜೊತೆ, ಇಬ್ಬರ ಒಪ್ಪಿಗೆಯಿಂದ ಇರುವ ಜವಾನನೂ "ಅಸಹಜ". ಅದರ ಬದಲು ಬಲಾತ್ಕಾರ, ಮೇಲಧಿಕಾರದ ದುರುಪಯೋಗ, ಡ್ಯೂಟಿ ಸ್ಥಳದ ಅಶಿಸ್ತು ಅಂತ ನೇರವಾಗಿ ಬರೆಯಲಿ, ಗಂಡು ಹೆಣ್ಣು ಅನ್ನದೆ ಎಲ್ಲರಿಗೂ ಅನ್ವಯಿಸಲಿ. ಇನ್ನೊಂದು ಮಾತು. ಆ ಹುಡುಗ ನಿಮ್ಮ ಮುಂದೆ ನಡುಗಿದ ಅಂದಿರಿ. ದೂರು ಕೊಟ್ಟರೆ ತನ್ನನ್ನೂ "ಅಂಥವನು" ಅಂತ ಬರೆದುಬಿಡುತ್ತಾರೆ ಅನ್ನುವ ಹೆದರಿಕೆಗೇ ಎಷ್ಟು ಜನ ನಿಮ್ಮ ಮುಂದೆ ಬಂದು ಕೂರಲೇ ಇಲ್ಲವೋ.

ಉಡುಪಿ_ಲೀಡ್ಸ್

ಹನ್ನೆರಡು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇನೆ ಮಾರಾಯ್ರೆ. ಇಲ್ಲಿ ಇದೆಲ್ಲ ಆಗಿಹೋಗಿದೆ, ಅದಕ್ಕೇ ಬರೆಯುವುದು.

ಇಲ್ಲಿ ಸಾಮಾನ್ಯ ಜನರಿಗೆ 1967ರಲ್ಲೇ ಕಾನೂನು ಸಡಿಲವಾಯಿತು. ಸೇನೆಯಲ್ಲಿ ನಿಷೇಧ ಮುಂದುವರಿಯಿತು, ಮೂವತ್ತಮೂರು ವರ್ಷ. ಮಿಲಿಟರಿ ಪೊಲೀಸರು ಕಪಾಟು ಜಾಲಾಡಿ ಪತ್ರ, ಫೋಟೋ ಹುಡುಕಿ, ಗಂಟೆಗಟ್ಟಲೆ ಕೂರಿಸಿ ಕೇಳಬಾರದ್ದನ್ನೆಲ್ಲ ಕೇಳಿ ಹೊರಗೆ ಹಾಕುತ್ತಿದ್ದರು. ಸುಬೇದಾರರು ಹೇಳಿದ ವಾದವನ್ನೇ ಇಲ್ಲಿನ ರಕ್ಷಣಾ ಸಚಿವಾಲಯವೂ ಹೇಳುತ್ತಿತ್ತು: ಒಗ್ಗಟ್ಟು ಹಾಳಾಗ್ತದೆ, ಯುದ್ಧ ಸಾಮರ್ಥ್ಯ ಕುಸೀತದೆ. 1999ರ ಸೆಪ್ಟೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅದನ್ನು ತಳ್ಳಿಹಾಕಿತು, 2000ದ ಜನವರಿ 12ಕ್ಕೆ ನಿಷೇಧ ಹೋಯಿತು. ಅದಾದ ಮೇಲೆ ಇದೇ ಸೇನೆ ಇರಾಕ್, ಅಫ್ಘಾನಿಸ್ತಾನದಲ್ಲಿ ವರ್ಷಗಟ್ಟಲೆ ಕಾದಾಡಿತು. ಒಗ್ಗಟ್ಟು ಎಲ್ಲಿಯೂ ಮುರಿಯಲಿಲ್ಲ.

ಒಬ್ಬರ ಕತೆ ಮಾತ್ರ ಹೇಳ್ತೇನೆ. ಜೋ ಔಸಲಿಸ್ ಅಂತ, ನೌಕಾಪಡೆಯ ರೇಡಿಯೊ ಆಪರೇಟರ್. ಫಾಕ್ಲೆಂಡ್ಸ್ ಯುದ್ಧದಲ್ಲಿ ಇದ್ದವರು, ಹದಿನೆಂಟು ವರ್ಷದ ಹತ್ತಿರ ಸೇವೆ. 1993ರಲ್ಲಿ ಹೊರಗೆ ಹಾಕುವಾಗ ದೀರ್ಘ ಸೇವೆ ಮತ್ತು ಸನ್ನಡತೆಯ ಪದಕವನ್ನು ಕೋಟಿನಿಂದ ಕತ್ತರಿಯಲ್ಲಿ ಕತ್ತರಿಸಿ ತೆಗೆದರಂತೆ. ಸನ್ನಡತೆಗೆ ಕೊಟ್ಟದ್ದು! ಕೋರ್ಟಿಗೆ ಹೋಗಿ, 2019ರ ಡಿಸೆಂಬರಿನಲ್ಲಿ ವಾಪಸು ಪಡೆದರು. 2023ರ ಜುಲೈಯಲ್ಲಿ ಪ್ರಧಾನಿ ರಿಷಿ ಸುನಕ್ ಸಂಸತ್ತಿನಲ್ಲಿ ದೇಶದ ಪರವಾಗಿ ಕ್ಷಮೆ ಕೇಳಿದರು. ಈಗ ಹಾಗೆ ಹೊರಹಾಕಲ್ಪಟ್ಟವರಿಗೆ 50,000 ಪೌಂಡ್ ಪರಿಹಾರ. ಎಷ್ಟೋ ಜನ ಅದಕ್ಕೆ ಮೊದಲೇ ತೀರಿಕೊಂಡಿದ್ದರು.

ಸುಬೇದಾರ್_ಹಾಸನ

ಅದು ಅವರ ದೇಶ. ಅವರಿಗೆ ಆಗಿದ್ದು ನಮಗೆ ಆಗ್ಬೇಕು ಅಂತೇನಿಲ್ಲ. ಜೊತೆಗೆ ಭದ್ರತೆ ವಿಷಯ ನೋಡಿ. ಶತ್ರು ಕಡೆಯವರು ಇಂಥ ದೌರ್ಬಲ್ಯವನ್ನೇ ಹುಡುಕ್ತಾರೆ.

ವರ್ಜಿನಿಯಾ_ಕನ್ನಡಿಗ

ಸುಬೇದಾರ್ ಸರ್, ಶತ್ರು ಹುಡುಕೋದು ಗುಟ್ಟನ್ನ. ಎಲ್ಲರಿಗೂ ಗೊತ್ತಿರೋದನ್ನ ಇಟ್ಟುಕೊಂಡು ಯಾರನ್ನ ಬೆದರಿಸೋಕಾಗುತ್ತೆ? ಬಚ್ಚಿಡು ಅಂತ ಹೇಳಿ, ಬಚ್ಚಿಟ್ಟಿದ್ದಾನೆ ಅದಕ್ಕೇ ಅಪಾಯ ಅಂದ್ರೆ ಅವನು ಎಲ್ಲಿಗೆ ಹೋಗ್ಬೇಕು?

ಅಮೆರಿಕದಲ್ಲಿ 1993ರಲ್ಲಿ ಕ್ಲಿಂಟನ್ ಕಾಲದಲ್ಲಿ ಒಂದು ರಾಜಿ ಸೂತ್ರ ಮಾಡಿದ್ರು. ಸೇನೆ ಕೇಳಲ್ಲ, ನೀನು ಹೇಳಬೇಡ. ಕೇಳೋಕೆ ಚೆನ್ನಾಗಿದೆ. ಅದರ ಅಡಿಯಲ್ಲಿ 13,000ಕ್ಕೂ ಹೆಚ್ಚು ಜನ ಕೆಲಸ ಕಳಕೊಂಡರು. 2001ರ ದಾಳಿಯ ನಂತರ ಅರಬ್ಬಿ ಭಾಷೆ ಬಲ್ಲವರಿಗೆ ಸೇನೆ ಬಾಯಿಬಿಡ್ತಾ ಇದ್ದ ಹೊತ್ತಲ್ಲೇ ಅರಬ್ಬಿ ಕಲಿತ ಸೈನಿಕರನ್ನ ಈ ಕಾರಣಕ್ಕೆ ಮನೆಗೆ ಕಳಿಸಿದ್ರು.

2010ರಲ್ಲಿ ಪೆಂಟಗನ್ (ಇಲ್ಲಿನ ರಕ್ಷಣಾ ಇಲಾಖೆ) ತನ್ನ ಸೈನಿಕರನ್ನೇ ಕೇಳಿತು. 4 ಲಕ್ಷ ಜನಕ್ಕೆ ಪ್ರಶ್ನಾವಳಿ ಹೋಯ್ತು, ಸುಮಾರು 1,15,000 ಉತ್ತರ ಬಂದವು. ನಿಷೇಧ ತೆಗೆದರೆ ಒಳ್ಳೇದೇ ಆಗುತ್ತೆ, ಅಥವಾ ಒಳ್ಳೇದು ಕೆಟ್ಟದು ಎರಡೂ ಇರುತ್ತೆ, ಅಥವಾ ಏನೂ ವ್ಯತ್ಯಾಸ ಆಗಲ್ಲ ಅಂದವರು ಹತ್ತಿರ ಹತ್ತಿರ ಶೇಕಡಾ 70. ಅತ್ಯುನ್ನತ ಸೇನಾಧಿಕಾರಿ ಅಡ್ಮಿರಲ್ ಮಲನ್ ಸೆನೆಟ್ ಮುಂದೆ ಕೂತು, ದೇಶವಾಸಿಗಳನ್ನ ಕಾಯೋಕೆ ಬಂದ ಮಕ್ಕಳ ಕೈಲಿ ತಾವು ಯಾರು ಅನ್ನೋದರ ಬಗ್ಗೆ ಸುಳ್ಳು ಹೇಳಿಸ್ತಾ ಇದ್ದೀವಿ, ಇದು ನನ್ನನ್ನ ಕಾಡ್ತಾ ಇದೆ ಅಂದ್ರು. 2011ರ ಸೆಪ್ಟೆಂಬರ್ 20ಕ್ಕೆ ಆ ನಿಯಮ ಮುಗೀತು.

ವಾಷಿಂಗ್ಟನ್ನಿನ ಕಾಂಗ್ರೆಷನಲ್ ಸ್ಮಶಾನದಲ್ಲಿ ಲಿಯೊನಾರ್ಡ್ ಮ್ಯಾಟ್ಲೊವಿಚ್ ಸಮಾಧಿ ಇದೆ. ವಿಯೆಟ್ನಾಮಲ್ಲಿ ಗಾಯಗೊಂಡ ವಾಯುಪಡೆ ಸಾರ್ಜೆಂಟ್, 1975ರಲ್ಲಿ ತಾನು ಸಲಿಂಗಿ ಅಂತ ಬಹಿರಂಗವಾಗಿ ಹೇಳಿ ಹೊರಬಿದ್ದವರು. ಕಪ್ಪು ಕಲ್ಲಿನ ಮೇಲೆ ಅವರ ಹೆಸರೂ ಇಲ್ಲ. ನಾನು ಸೇನೆಯಲ್ಲಿದ್ದಾಗ ಇಬ್ಬರು ಗಂಡಸರನ್ನು ಕೊಂದದ್ದಕ್ಕೆ ಪದಕ ಕೊಟ್ಟರು, ಒಬ್ಬನನ್ನು ಪ್ರೀತಿಸಿದ್ದಕ್ಕೆ ಹೊರಗೆ ಹಾಕಿದರು ಅಂತ ಬರೆದಿದೆ. ಆ ಕಲ್ಲಿನ ಮುಂದೆ ನಿಂತಾಗ ನನ್ನ ಹೆಂಡತಿ ಅತ್ತುಬಿಟ್ಟಳು. ನನಗೂ ತಡ್ಕೊಳೋಕಾಗಲಿಲ್ಲ.

ಪಡೆದದ್ದು ಶಾಶ್ವತ ಅಂತಾನೂ ತಿಳೀಬೇಡಿ. 2025ರಲ್ಲಿ ಇಲ್ಲಿ ಟ್ರಾನ್ಸ್‌ಜೆಂಡರ್ ಸೈನಿಕರನ್ನ ಮತ್ತೆ ಹೊರಗೆ ಹಾಕೋಕೆ ಶುರು ಮಾಡಿದ್ದಾರೆ.

ಫೌಜಿ_ಕಾಕಾ_ಬೆಳಗಾವಿ

ಎಲ್ಲಾ ಓದಿದ್ನಿ. ಸುಬೇದಾರ್ ಸಾಹೇಬ್ರ, ನಿಮ್ಮ ಸರ್ವಿಸಿನ್ಯಾಗ ಅಂಥವ್ರು ಒಬ್ರೂ ಇರಲಿಲ್ಲ ಅಂದ್ರಿ. ನಾನೂ ಮಂದಿ ಮುಂದ ಹಂಗ ಹೇಳ್ತೀನಿ. ಅದು ಸುಳ್ಳು. ಇವತ್ತ ಬರೀತೀನಿ.

ಗ್ಲೇಸಿಯರ್ ಪೋಸ್ಟಿನ್ಯಾಗ ಏಳು ಮಂದಿ ಇದ್ವಿ. ಫೈಬರಿನ ಗುಡಿಸಲು, ನಡುವ ಸೀಮೆಎಣ್ಣಿ ಸ್ಟೋವ್. ಅದರ ಹೊಗಿಗೆ ಮುಂಜಾನೆ ಎದ್ದು ಉಗುಳಿದ್ರ ಕಪ್ಪಗ ಬರ್ತಿತ್ತು. ಒಂದು ಗಸ್ತಿನಿಂದ ಬಂದಾಗ ನನ್ನ ಎಡಗಾಲಿನ ಬೆರಳು ಬೆಳ್ಳಗಾಗಿ ಕಲ್ಲಿನಂಗ ಆಗಿದ್ದು. ನಮ್ಮ ಸೆಕ್ಷನ್ನಿನ ಒಬ್ಬ ಸಿಪಾಯಿ, ಮಾತು ಕಡಿಮಿ, ತನ್ನ ಜಾಕೀಟು ಬಿಚ್ಚಿ ನನ್ನ ಪಾದ ತನ್ನ ಬರೀ ಹೊಟ್ಟಿಗೆ ಒತ್ತಿ ಹಿಡಕೊಂಡು ಕುಂತ. ರಾತ್ರಿಯೆಲ್ಲಾ. ಹೆಲಿಕಾಪ್ಟರ್ ಬರಾಕ ಮೂರು ದಿನ ಹಿಡೀತು, ಮೂರೂ ರಾತ್ರಿ ಹಂಗ ಕುಂತ. ಎರಡು ಬೆರಳು ಹೋದವು. ಪಾದ ಉಳೀತು.

ಕೆಳಗ ಪೀಸ್ ಸ್ಟೇಷನ್ನಿಗೆ ಬಂದ ಮ್ಯಾಲೆ ಕಿಟ್ ಇನ್ಸ್‌ಪೆಕ್ಷನ್ನಿನ್ಯಾಗ ಅವನ ಕರೇ ಟ್ರಂಕಿನ್ಯಾಗ ಪತ್ರದ ಕಟ್ಟು ಸಿಕ್ತು. ಊರಿನ ಗೆಳ್ಯಾ ಬರದಿದ್ದು. ಓದಿದವರಿಗೆ ತಿಳೀತು. ಆ ಮ್ಯಾಲೆ ಅವನ ಮ್ಯಾಲೆ ಸಣ್ಣಸಣ್ಣದಕ್ಕೂ ಕೇಸು. ಫಾಲಿನ್ನಿಗೆ (ಹಾಜರಿ ಸಾಲಿಗೆ) ಎರಡು ನಿಮಿಷ ತಡ, ರೆಡ್ ಇಂಕ್ ಎಂಟ್ರಿ, ಅಂದ್ರ ಸರ್ವಿಸ್ ದಾಖಲಿನ್ಯಾಗ ಕೆಂಪು ಶಾಯಿಲೆ ಶಿಕ್ಷಾ ಬರಿಯೂದು. ಬೆಲ್ಟಿನ ಬಕಲ್ ಮಿಂಚಂಗಿಲ್ಲ, ರೆಡ್ ಇಂಕ್ ಎಂಟ್ರಿ. ನಾಕು ಆದ್ವು. ನಾಕು ಆದ್ರ ಮನಿಗೆ ಕಳಸಬಹುದು, ಫೌಜಿಯವ್ರಿಗೆ ಹೇಳಬೇಕಿಲ್ಲ.

ನನ್ನನ್ನೂ ಕರದು ಬಯಾನ್ ತಗೊಂಡ್ರು. "ನಿನ್ನ ಜೋಡಿ ಯಾವತ್ತರ ತಪ್ಪು ನಡ್ಕೊಂಡಾನ?" ಅಂದ್ರು. ಇಲ್ಲ ಸಾಹೇಬ್ ಅಂದ್ನಿ. "ಅವನಿಗೆ ಇಂಥಾ ಪತ್ರ ಬರೂದು ನೋಡೀಯಾ?" ಅಂದ್ರು. ಹೌದು ಅಂದ್ನಿ. ಆ ಹೌದು ಅಷ್ಟ ಬರಕೊಂಡ್ರು. ಅದರ ಕೆಳಗ ನನ್ನ ಸಹಿ ಐತಿ. ನನ್ನ ಪಾದದ ಸುದ್ದಿ ನಾನ ಹೇಳಲಿಲ್ಲ. ಹೇಳಿದ್ರ ನನ್ನನ್ನೂ ಅದರಾಗ ಸೇರಿಸ್ತಾರ ಅಂತ ಹೆದರಿಕಿ.

11 ವರ್ಷ ಸರ್ವಿಸ್ ಆಗಿತ್ತು ಅವಂದು. ಪೆನ್ಷನ್ ಇಲ್ಲ. ಟ್ರಂಕು ಹೆಗಲ ಮ್ಯಾಲೆ ಇಟ್ಕೊಂಡು ಒಬ್ಬನ ಹೋದ. ಗೇಟಿನ ತನಕಾನೂ ನಾ ಹೋಗಲಿಲ್ಲ.

ಹೆಸರು_ಬೇಡ

ಕಾಕಾ, ನಿಮ್ಮ ಬರಹ ಮೂರು ಸಲ ಓದಿದೆ.

ನಾನು ಅಧಿಕಾರಿಯಾಗಿದ್ದವನು, ಕನ್ನಡಿಗ. ಕೆಲವು ವರ್ಷದ ಹಿಂದೆ ನಾನಾಗಿಯೇ ಬಿಟ್ಟು ಬಂದೆ. ಯಾರೂ ನನ್ನನ್ನು ಹಿಡಿಯಲಿಲ್ಲ. ಹಿಡಿಯದಂತೆ ಬದುಕುವುದರಲ್ಲೇ ದಣಿದೆ. ಫೋನಿನಲ್ಲಿ ಅವನ ಹೆಸರು ಒಬ್ಬ ಹುಡುಗಿಯದಾಗಿತ್ತು. ಮೆಸ್ಸಿನಲ್ಲಿ ಎಲ್ಲರ ಹೆಂಡತಿಯರೂ ನನಗೊಂದು ಸಂಬಂಧ ನೋಡುತ್ತಿದ್ದರು, ಪ್ರೀತಿಯಿಂದಲೇ. ಅವರ ಎದುರು ನಗುತ್ತಾ ಸುಳ್ಳು ಹೇಳಿ ಕೋಣೆಗೆ ಬಂದು ಕೂರುತ್ತಿದ್ದೆ.

ಬಿಡಬೇಕು ಅಂತ ತೀರ್ಮಾನಿಸಿದ್ದು ಒಂದು ಕಾರ್ಯಾಚರಣೆಯ ಹಿಂದಿನ ಸಂಜೆ. ಏನಾದರೂ ಆದರೆ ಯಾರಿಗೆ ತಿಳಿಸಬೇಕು ಅನ್ನುವ ಕಾಲಂನಲ್ಲಿ ಅಮ್ಮನ ಹೆಸರಿತ್ತು. ಸರಿಯೇ. ಆದರೆ ಆರು ವರ್ಷ ನನ್ನ ಜೊತೆಗಿದ್ದವನಿಗೆ ಯಾರು ಫೋನ್ ಮಾಡುತ್ತಾರೆ? ಟಿವಿಯಲ್ಲಿ ನೋಡಿ ತಿಳಿಯಬೇಕಿತ್ತು. ತ್ರಿವರ್ಣ ಹೊದಿಸಿದ ಪೆಟ್ಟಿಗೆ ಊರಿಗೆ ಬಂದಾಗ ಅವನು ಜನರ ನಡುವೆ ಎಲ್ಲೋ ನಿಂತಿರಬೇಕಿತ್ತು, ಜೋರಾಗಿ ಅಳುವ ಹಾಗೂ ಇಲ್ಲದೆ. ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ಮದುವೆಗೆ ಮಾನ್ಯತೆ ಸಿಗಲಿಲ್ಲ, ಹಾಗಾಗಿ ಇವತ್ತಿಗೂ ಕುಟುಂಬ ಪಿಂಚಣಿಯ ಪಟ್ಟಿಯಲ್ಲಿ ಅವನಂಥವನಿಗೆ ಜಾಗವಿಲ್ಲ.

ಸುಬೇದಾರ್ ಸಾಹೇಬರೇ, ನಿಮ್ಮಂಥ ಜೆಸಿಒ ಒಬ್ಬರು ನನಗೆ ಸೇನೆ ಅಂದರೇನು ಅಂತ ಕಲಿಸಿದವರು. ಅವರ ಕಂಬಳಿಯ ಪಕ್ಕದಲ್ಲೇ ನಾನು ಎಷ್ಟೋ ರಾತ್ರಿ ಮಲಗಿದ್ದೇನೆ. ಅವರಿಗೆ ಏನೂ ಆಗಲಿಲ್ಲ. ನಮ್ಮ ಗಮನವೆಲ್ಲ ಎದುರಿನ ಬೆಟ್ಟದ ಮೇಲೆ ಇರುತ್ತಿತ್ತು.

ಕಪ್ಪು_ಕೋಟು

ಇವರು ಬರೆದದ್ದಕ್ಕೆ ಒಂದು ಸಾಲು ಸೇರಿಸುತ್ತೇನೆ. ಸಲಿಂಗಿ ಎಂಬ ಕಾರಣಕ್ಕೆ ಸೇನೆ ತೊರೆದ ಒಬ್ಬ ಮಾಜಿ ಮೇಜರ್ ಬದುಕಿನಿಂದ ಪ್ರೇರಿತವಾದ ಚಿತ್ರಕಥೆಗೆ ರಕ್ಷಣಾ ಸಚಿವಾಲಯ 2022ರಲ್ಲಿ ಅನುಮತಿ ಕೊಡಲಿಲ್ಲ. ಇರುವುದಿರಲಿ, ಇದ್ದರು ಅಂತ ಕತೆ ಹೇಳುವುದಕ್ಕೂ ಬಿಡಲಿಲ್ಲ.

ಶಿವಮೊಗ್ಗದ_ಚಿಕ್ಕಮ್ಮ

ಹೆಸರು ಬೇಡ ಅಂದಿದ್ದೀಯಲ್ಲಪ್ಪ, ಈಗ ಇಬ್ಬರೂ ಒಟ್ಟಿಗೆ ಇದ್ದೀರಾ? ಅಷ್ಟು ಮಾತ್ರ ಹೇಳು.

ಹೆಸರು_ಬೇಡ

ಇದ್ದೇವೆ ಚಿಕ್ಕಮ್ಮ. ಈಗ ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದಾನೆ.

ಫೌಜಿ_ಕಾಕಾ_ಬೆಳಗಾವಿ

ಇವತ್ತ ಮುಂಜಾನೆ ಹುಡುಗಗ ಎಲ್ಲಾ ಹೇಳಿದ್ನಿ. ಫಾರ್ಮಿನ್ಯಾಗ ಅದನ್ನ ಬರಿಯೂದಿಲ್ಲ. ಒಳಗ ಹೋದ ಮ್ಯಾಲೆ ಹೇಳ್ಕೊಂಡ್ರ ನಿನ್ನ ಬೆನ್ನಿಗೆ ಕಾಯ್ದೆ ನಿಂದರೂದಿಲ್ಲ, ಇದು ಸರಿ ಅಲ್ಲ, ಆದ್ರ ಇವತ್ತಿಗೆ ಹಿಂಗ ಐತಿ ಅಂದ್ನಿ. ಅಗ್ನಿವೀರ ಅಂದ್ರ ನಾಕು ವರ್ಷ, ಆ ಮ್ಯಾಲೆ ನಾಕರಾಗ ಒಬ್ಬನ್ನ ಇಟ್ಕೋತಾರ, ಯಾವ ಕಾರಣಕ್ಕ ಬಿಟ್ರು ಅಂತ ಕೇಳೂ ಹಂಗೂ ಇರೂದಿಲ್ಲ ಅಂದ್ನಿ. ಗ್ಲೇಸಿಯರ್ ಸುದ್ದಿನೂ ಹೇಳಿದ್ನಿ. ಸಾಕ್ಸ್ ತಗದು ಪಾದ ತೋರಿಸಿದ್ನಿ. ಅಂವ ಸಣ್ಣವನಿದ್ದಾಗಿಂದ ಆ ಪಾದ ನೋಡ್ಯಾನ, ಯಾಕ ಅಂತ ಇವತ್ತ ತಿಳೀತು.

ಭಾಳ ಹೊತ್ತು ಸುಮ್ಮನ ಇದ್ದ. ಆ ಮ್ಯಾಲೆ ಕೇಳಿದಾ, "ಅವರ ಊರು ನಿಮಗ ಗೊತ್ತೈತೇನು ಕಾಕಾ?"

ಗೊತ್ತೈತಿ. ಟ್ರಂಕಿನ ಮ್ಯಾಲೆ ಬಿಳಿ ಬಣ್ಣದಾಗ ಬರದಿತ್ತು, ಹೆಸರು, ನಂಬರ್, ಊರು, ತಾಲೂಕು. ಇನ್ನೂ ಕಣ್ಣಿಗೆ ಕಟ್ಟಿದಂಗ ಐತಿ.

ಅಂವ ಎದ್ದು ಲೇಸ್ ಬಿಗದು ಮತ್ತ ಒಂದು ಸುತ್ತು ಓಡಿದಾ. ನಾ ಗಡಿಯಾರ ಒತ್ತೂದ ಮರತ್ನಿ. ಸೇರೂದೋ ಬಿಡೂದೋ ಅಂವ ಇನ್ನೂ ಹೇಳಿಲ್ಲ. ರ್‍ಯಾಲಿಗೆ ಇನ್ನ ಐದು ವಾರ ಐತಿ.

ಸುಬೇದಾರ್_ಹಾಸನ

ಹವಾಲ್ದಾರ್ರೇ, ನಿನ್ನೆ ರಾತ್ರಿ ಪೂರ್ತಿ ಕೂತು ಮೊದಲಿಂದ ಓದಿದೆ. ಬ್ಯಾರಕ್ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಒಪ್ಪಿಲ್ಲ, ಒಪ್ಪಿದೆ ಅಂತ ಸುಳ್ಳು ಹೇಳಲ್ಲ. "ಒಬ್ಬರೂ ಇರಲಿಲ್ಲ" ಅಂತ ಬರೆದದ್ದು ತಪ್ಪು. ನನಗೂ ಒಬ್ಬನ ಮುಖ ನೆನಪಾಯ್ತು.

ಹುಡುಗ ರ್‍ಯಾಲಿಗೆ ಹೋಗೋದಾದ್ರೆ ಮೆಡಿಕಲ್‌ಗೆ ಮುಂಚೆ ಡಾಕ್ಟರ ಹತ್ರ ಕಿವಿ ಗುಗ್ಗೆ ತೆಗೆಸಿ, ಬರೀ ಅದಕ್ಕೇ ಎಷ್ಟೋ ಜನರನ್ನ ವಾಪಸ್ ಕಳಿಸ್ತಾರೆ. ಹಲ್ಲೂ ಕ್ಲೀನ್ ಮಾಡಿಸಿ. ಓಟದಲ್ಲಿ ಮೊದಲ ಸುತ್ತು ಜೋರು ಬಿಡಬೇಡ ಅನ್ನಿ, ಮೂರನೇ ಸುತ್ತಿಗೆ ಉಸಿರು ಇಟ್ಕೊಳ್ಳಲಿ. ಏನಾದ್ರೂ ಕೇಳೋದಿದ್ರೆ ಅವನೇ ನನಗೆ ಬರೀಲಿ.